ಮಾಗಡಿ ಬಸ್ಸು ಹೋಯ್ತಾ?

ಆ ಎರಡು ದಿನಗಳಲ್ಲಿ ಮಳೆ ಬಂದಿತ್ತೋ ಇಲ್ಲವೋ ಎಂಬ ಬಗ್ಗೆ ನನಗೂ ನನ್ನ ಡೈರಿಗೂ ಜಗಳವಿದೆ. ನೆನಪಿನಲ್ಲಿ ಕಾಲೇಜಿನ ಸಭಾಂಗಣದ ಚಾವಣಿಯ ಶೀಟುಗಳ ಮೇಲೆ ಹನಿ ಬೀಳುವ ಸದ್ದು ಸ್ಪಷ್ಟವಾಗಿದೆ. ಡೈರಿಯಲ್ಲಿ ಮಳೆಯ ಮಾತೇ ಇಲ್ಲ. ‘ಪ್ರೊಜೆಕ್ಟರ್ ಕೇಬಲ್ಲಿನ ಪಿನ್ ಬಗ್ಗಿತ್ತು, ನೇರ ಮಾಡಿದೆ’ ಎಂದು ಆ ಪುಟ ಶುರುವಾಗುತ್ತದೆ. ಗೆದ್ದ ದಿನಗಳನ್ನು ನೆನಪು ಇದ್ದ ಹಾಗೆ ಬಿಡುವುದಿಲ್ಲ ಎಂಬುದು ನನ್ನ ಅನುಭವ. ಹಾಗಾಗಿ ಖಚಿತವಿಲ್ಲದ ಕಡೆ ಖಚಿತವಿಲ್ಲ ಎಂದೇ ಬರೆಯುತ್ತೇನೆ. ವಿದ್ಯಾರ್ಥಿಗಳು ತಂದ ಪೆಟ್ಟಿಗೆಯ ಮರದ ಗುಂಡಿಗಳು ಉಬ್ಬಿದ್ದಂತೂ ನಿಜ. ಎಲ್ಲೋ ಒಂದು ಕಡೆ ನೀರು ಬಿದ್ದಿರಲೇಬೇಕು.

ಆಗ ನಾನು ರಾಮನಗರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬಿನ ಬೋಧಕಿಯಾಗಿದ್ದೆ. ರಾಮನಗರ ಜಿಲ್ಲೆಯಾಗಿ ಹೊಸತು. ನಾಲ್ಕೂ ತಾಲ್ಲೂಕಿನ ಕಾಲೇಜುಗಳನ್ನು ಸೇರಿಸಿ ಏನಾದರೂ ಮಾಡಬೇಕು ಎಂಬ ಉಮೇದು ಎಲ್ಲರಿಗೂ ಇತ್ತು. ಅದರಲ್ಲಿ ನಮ್ಮ ಪಾಲಿಗೆ ಬಂದದ್ದು ವಿದ್ಯಾರ್ಥಿಗಳ ವಿಚಾರ ಸಂಕಿರಣ. ವಿಷಯ ಇಂಟರ್‌ಫೇಸ್ ವಿನ್ಯಾಸ. ಎಂದರೆ ಎಟಿಎಮ್ಮಿನಂಥ ಒಂದು ಯಂತ್ರದ ಮುಂದೆ ನಿಂತವರಿಗೆ ಏನು ಕಾಣಬೇಕು, ಅವರು ಎಲ್ಲಿ ಒತ್ತಬೇಕು, ಒತ್ತಿದರೆ ಏನಾಗಬೇಕು ಎಂದು ಯೋಚಿಸುವುದು. ನಿಜವಾದ ಯಂತ್ರ ಕಟ್ಟುವ ಮುಂಚೆ ಒರಟಾದ ಒಂದು ಮಾದರಿ ಮಾಡಿ, ಜನರ ಕೈಗೆ ಕೊಟ್ಟು, ಅವರು ಎಲ್ಲಿ ಎಡವುತ್ತಾರೆ ಎಂದು ನೋಡುವುದು.

ತಾಂತ್ರಿಕ ಸಹಾಯದ ಹೊಣೆ ನನ್ನದು. ಪ್ರಾಂಶುಪಾಲರಿಗೆ ಇದ್ದ ಆಸೆ ಒಂದೇ, ಕಾರ್ಯಕ್ರಮ ಸುಸೂತ್ರವಾಗಿ ಮುಗಿಯಬೇಕು. "ಎಲ್ಲರೂ ಸ್ಲೈಡ್ ಮಾಡ್ಕೊಂಡು ಬರ್ಲಿ ಮೇಡಂ. ಸ್ಲೈಡ್ ಕೈ ಕೊಡಲ್ಲ" ಎಂದರು. ಮಾದರಿಯನ್ನು ಯಾರೂ ಮುಟ್ಟದೆ ಬರೀ ಚಿತ್ರ ತೋರಿಸಿದರೆ ಅದು ಸಂಕಿರಣವೇ ಅಲ್ಲ ಎಂದು ನಾನು ವಾದಿಸಿದೆ. ಕಂಪ್ಯೂಟರನ್ನೇ ಮುಟ್ಟದ ಒಬ್ಬರು ವೇದಿಕೆಗೆ ಬಂದು ಪ್ರತಿಯೊಂದು ಮಾದರಿಯನ್ನೂ ಬಳಸಬೇಕು, ಸಭೆ ನೋಡಬೇಕು. ಕೊನೆಗೆ ಪ್ರಾಂಶುಪಾಲರು ಹೇಳಿದರು: "ಒಪ್ಪಿದೆ. ಆದ್ರೆ ಒಂದೇ ಒಂದು ಮಾದರಿ ವೇದಿಕೆ ಮೇಲೆ ನಿಂತುಹೋದ್ರೂ ಮುಂದಿನ ವರ್ಷದಿಂದ ಸ್ಲೈಡೇ. ನೀವು ಮತ್ತೆ ಬಾಯಿ ತೆಗೀಬಾರದು."

ಅವರು ನಗುತ್ತ ಹೇಳಿದರು ಎಂದು ನನ್ನ ನೆನಪು. ಷರತ್ತಂತೂ ನಿಜವಾಗಿತ್ತು.

ಹಿಂದಿನ ದಿನ ಮಧ್ಯಾಹ್ನ ತಾಲೀಮು. ಪ್ರೊಜೆಕ್ಟರನ್ನು ಇನ್ನೊಂದು ಕಾಲೇಜಿನಿಂದ ಎರವಲು ತಂದಿದ್ದೆವು. ಅದರ ಕೇಬಲ್ಲಿನ ಪಿನ್ ಒಂದು ಬಗ್ಗಿದ್ದರಿಂದ ಇಡೀ ಪರದೆ ಹಳದಿಗೆ ತಿರುಗಿತ್ತು. ಖಾಲಿ ರೀಫಿಲ್ಲಿನ ತುದಿಯನ್ನು ಪಿನ್ನಿಗೆ ತೊಡಿಸಿ ಮೆಲ್ಲಗೆ ಎತ್ತಿ ನಿಲ್ಲಿಸಿದೆ. ಕಂಪ್ಯೂಟರಿನ ಕ್ಯಾಬಿನೆಟ್ ಮುಟ್ಟಿದರೆ ಜುಮ್ಮೆನ್ನುತ್ತಿತ್ತು, ವೇದಿಕೆಯ ಪ್ಲಗ್ಗಿಗೆ ಅರ್ಥಿಂಗ್ ಇರಲಿಲ್ಲ. ಪಕ್ಕದ ಸ್ಟಾಫ್ ರೂಮಿನಿಂದ ತಂತಿ ಎಳೆಸಿದೆ. ಪೆನ್‌ಡ್ರೈವುಗಳಲ್ಲಿ ವೈರಸ್ ಇಲ್ಲದ್ದೇ ಇಲ್ಲವಾದ್ದರಿಂದ, ಯಾರೂ ನೇರವಾಗಿ ಚುಚ್ಚುವಂತಿಲ್ಲ, ನನ್ನ ಕೈಗೆ ಕೊಡಬೇಕು, ನಾನು ಸೋಸಿ ನಕಲು ಮಾಡುತ್ತೇನೆ ಎಂದು ಬಾಗಿಲಿಗೆ ಚೀಟಿ ಅಂಟಿಸಿದೆ. ಕರೆಂಟಿನದೇ ದೊಡ್ಡ ಚಿಂತೆ. ಹೆದ್ದಾರಿಯುದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದ ಕಾಲ. ಅವುಗಳ ಕಡೆಗೆ ತಪ್ಪದೆ ಹೋಗುತ್ತಿದ್ದ ಕರೆಂಟು ನಮ್ಮ ಕಡೆ ಯಾವಾಗ ಹೋಗುತ್ತದೆಂದು ಹೇಳುವಂತಿರಲಿಲ್ಲ. ನಮ್ಮ ಯುಪಿಎಸ್ ಒಂದು ಕಂಪ್ಯೂಟರನ್ನು ಸ್ವಲ್ಪ ಹೊತ್ತು ತಡೆಯುತ್ತಿತ್ತು. ಪ್ರೊಜೆಕ್ಟರಿನ ದೀಪವನ್ನೂ ಅದಕ್ಕೆ ಹೊರಿಸಿದರೆ ತಕ್ಷಣ ಕಿರುಚಿ ಆರಿಹೋಗುತ್ತಿತ್ತು. ಕರೆಂಟು ಹೋದರೆ ದೊಡ್ಡ ಪರದೆ ಹೋದಂತೆಯೇ ಎಂದು ಲೆಕ್ಕ ಹಾಕಿ, ಬೇಡಿಕೊಳ್ಳುವುದನ್ನು ಬಿಟ್ಟು ಬೇರೆ ದಾರಿ ಕಾಣದೆ ಮನೆಗೆ ಹೋದೆ.

ಬೆಳಗ್ಗೆ ಮೊದಲು ಗೂಡಿನ ಮಾರುಕಟ್ಟೆಗೆ ಹೋದೆ. ರೇಷ್ಮೆಗೂಡು ಮಾರಿ ಕೈ ಖಾಲಿ ಮಾಡಿಕೊಂಡು ಕೂತಿದ್ದ ರೈತರಲ್ಲಿ ನಮ್ಮ ಬಳಕೆದಾರರು ಸಿಗಬಹುದೆಂಬ ಆಸೆ.

"ಕಂಪ್ಯೂಟರ್ ಮುಟ್ಟದೇ ಇರೋರು ಯಾರಾದ್ರೂ ಬರ್ತೀರಾ?" ಎಂದೆ.

"ಅಂಗಾರೆ ಎಲ್ರೂ ಬತ್ತೀವಿ ಕಣವ್ವ. ಊಟ ಐತಾ?" ಎಂದ ಒಬ್ಬ.

"ಐತೆ. ಹೋಳಿಗೆ ಊಟ."

"ಲೇ, ಏಳ್ರಲಾ! ಇನ್ಮ್ಯಾಕೆ ಯಾರೂ ಕಂಪ್ಯೂಟ್ರು ಮುಟ್‌ಬ್ಯಾಡಿ, ಓಳಿಗೆ ತಪ್ಪೋಯ್ತದೆ!"

ಹಾಗೆ ಬಂದವರಲ್ಲಿ ಕುದೂರು ಕಡೆಯ ಒಬ್ಬ ಹಿರಿಯ ರೈತರಿದ್ದರು. ಖಾಲಿ ಗೂಡಿನ ಚೀಲವನ್ನು ಮಡಿಸಿ ಹೆಗಲ ಮೇಲೆ ಹಾಕಿಕೊಂಡಿದ್ದರು. ದಾರಿಯುದ್ದಕ್ಕೂ ಒಂದೇ ಮಾತು, "ಮಾಗಡಿ ಬಸ್ಸು ತಪ್ಪಬಾರ್ದು ನೋಡವ್ವ. ಮಾಗ್ಡಿಗೋಗಿ ಅಲ್ಲಿಂದ ಕುದೂರು ಬಸ್ಸು ಇಡೀಬೇಕು. ಅದು ತಪ್ಪುದ್ರೆ ಬಸ್ಟ್ಯಾಂಡ್ನಾಗೆ ಮನಿಕೊಬೇಕಾಯ್ತದೆ." ತಪ್ಪುವುದಿಲ್ಲ ಎಂದು ಮಾತು ಕೊಟ್ಟೆ. ಯಾವ ಧೈರ್ಯದ ಮೇಲೆ ಕೊಟ್ಟೆನೋ.

ಕಾಲೇಜಿಗೆ ಬಂದರೆ ಲ್ಯಾಬಿನ ಬಾಗಿಲಲ್ಲಿ ಮಾಗಡಿಯ ತಂಡ ಬಿಳಿಚಿಕೊಂಡು ನಿಂತಿತ್ತು. ಇಬ್ಬರೇ. ಒಬ್ಬಳು ಕುದೂರಿನ ಹುಡುಗಿ, ಇನ್ನೊಬ್ಬ ಮಾಗಡಿಯಲ್ಲಿ ಓದುತ್ತಿದ್ದ ಚನ್ನಪಟ್ಟಣದ ಹುಡುಗ. ಅವರ ಮಾದರಿಯೇ ನನಗೆ ಎಲ್ಲಕ್ಕಿಂತ ಇಷ್ಟವಾಗಿತ್ತು. ಬಸ್ ನಿಲ್ದಾಣದಲ್ಲಿಡುವ ವಿಚಾರಣೆಯ ಪೆಟ್ಟಿಗೆ. ಓದಲು ಬಾರದವರಿಗೂ ಆಗಲೆಂದು ಊರಿಗೊಂದು ಬಣ್ಣದ, ಊರಿಗೊಂದು ಆಕಾರದ ಗುಂಡಿ. ಗುಂಡಿಗಳನ್ನು ಹುಡುಗನ ಅಪ್ಪ ಚನ್ನಪಟ್ಟಣದಲ್ಲಿ ಮರ ತಿರುಗಿಸಿ ಬೊಂಬೆ ಕಡೆಯುವ ಪಟ್ಟಡಿಯಲ್ಲೇ ಕಡೆದು, ಅರಗಿನ ಬಣ್ಣ ಹಚ್ಚಿ ಕೊಟ್ಟಿದ್ದರು. ಅವುಗಳ ಕೆಳಗೆ ಹಳೆಯ ಕೀಬೋರ್ಡೊಂದರ ಸರ್ಕ್ಯೂಟು. ಗುಂಡಿ ಒತ್ತಿದರೆ ಒಂದು ಅಕ್ಷರ ಒತ್ತಿದಂತೆ ಕಂಪ್ಯೂಟರಿಗೆ ಸುದ್ದಿ ಹೋಗಿ, ಪರದೆಯ ಮೇಲೆ ಆ ಊರಿನ ಬಸ್ಸುಗಳ ವೇಳೆ ಮೂಡುತ್ತಿತ್ತು. ಮಾಗಡಿ ನಿಲ್ದಾಣದ ಕಂಟ್ರೋಲರು ನೋಡಲು ಬರುತ್ತೇನೆಂದಿದ್ದರು. ಅವರು ಒಪ್ಪಿದರೆ ಪೆಟ್ಟಿಗೆ ನಿಜವಾಗಿಯೂ ನಿಲ್ದಾಣದಲ್ಲಿ ಕೂರುತ್ತಿತ್ತು. ರೈಲಿಲ್ಲದ, ಬಸ್ಸೇ ಗತಿಯಾದ ಊರಿನವರಿಗೆ ಅದು ಸಣ್ಣ ಮಾತಲ್ಲ. ತನ್ನ ಕೈಯ ಕೆಲಸ ಊರವರು ಬಳಸಬೇಕು ಎಂಬುದು ಆ ಹುಡುಗಿಯ ಹಟ.

"ಏನಾಯ್ತು?" ಎಂದೆ.

"ಪೆಟ್ಗೇನ ಬಸ್ಸಿನ ಮೇಲ್ಗಡೆ ಹಾಕ್ಬುಟ್ರು ಮೇಡಂ. ಒದ್ದೆಯಾಗೈತೆ. ಮರ ಉಬ್ಬಿ ಗುಂಡಿಯೆಲ್ಲಾ ತೂತಲ್ಲೇ ಕಚ್ಕೊಂಡವೆ" ಎಂದಳು ಹುಡುಗಿ.

"ಒಣಗಿಸಿದ್ರಾ?"

ಹುಡುಗಿ ಹುಡುಗನ ಕಡೆ ಬೊಟ್ಟು ಮಾಡಿದಳು. "ಇವ್ನು ಒಣಗ್ಸುದ್ದು ಮೇಡಂ. ಲೇಡೀಸ್ ಹಾಸ್ಟೆಲ್ಲಿಂದ ಕೂದ್ಲು ಒಣಗ್ಸೋ ಮಿಷಿನ್ ತರ್ಸಿ ಬಿಸಿಗಾಳಿ ಬುಟ್ಟ. ಅರಗು ಕರಗಿ ಈಗ ಬೆಸುಗೆ ಹಾಕ್ದಂಗೆ ಕೂತೈತೆ."

ಹುಡುಗ ತಲೆ ತಗ್ಗಿಸಿದ್ದ. ಅರಗಿನ ಕಡ್ಡಿ ಬಿಸಿಗೆ ಕರಗಿ ಮರಕ್ಕೆ ಹಿಡಿಯುವುದನ್ನು ನಡೆಯಲು ಕಲಿಯುವ ಮುಂಚೆಯೇ ನೋಡಿ ಬೆಳೆದವನು.

"ಮೂರು ತಲೆಮಾರು ಇದೇ ಕೆಲ್ಸ ನಿಮ್ಮನೇಲಿ. ನಿಮ್ಮಪ್ಪಂಗೆ ಯೋಳ್ಲಾ?" ಎಂದಳು ಹುಡುಗಿ.

"ಯೋಳು, ಯೋಳು. ಆಮೇಕೆ ನನ್ನೂ ಪಟ್ಟಡಿಗೆ ಹಾಕಿ ಕಡೀತಾರೆ. ನೀನೇ ಬಣ್ಣ ಹಚ್ಚು" ಎಂದ ಅವನು. ಅಷ್ಟು ಸಂಕಟದಲ್ಲೂ ಮೂವರೂ ನಕ್ಕೆವು.

ನಗು ಮುಗಿದ ಮೇಲೆ ಪೆಟ್ಟಿಗೆಯ ತಂತಿಯನ್ನು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆ. ಒತ್ತಿದ ಸ್ಥಿತಿಯಲ್ಲೇ ಅಂಟಿಕೊಂಡಿದ್ದ ಕೆಂಪು ಗುಂಡಿಯಿಂದ ಒಂದೇ ಅಕ್ಷರ ಸಾಲುಸಾಲಾಗಿ ಸುರಿಯತೊಡಗಿತು. ಪ್ರೋಗ್ರಾಂ ಉಸಿರುಗಟ್ಟಿ ನಿಂತಿತು. ಬಲವಂತವಾಗಿ ಕಿತ್ತರೆ ಕೆಳಗಿನ ತೆಳು ಹಾಳೆಯ ಸರ್ಕ್ಯೂಟೇ ಹರಿಯುತ್ತಿತ್ತು. ಗುಂಡಿಗಳನ್ನು ಉಳಿಸುವಂತಿಲ್ಲ, ಬದಲಿ ಮಾಡಲು ಹೊತ್ತಿಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಪೆಟ್ಟಿಗೆಯ ತಂತಿ ಕಿತ್ತುಬಿಡೋಣ. ಬೇರೆ ಕೀಬೋರ್ಡು ಸಿಕ್ಕಿಸಿಕೊಂಡು ನಾನು ವೇದಿಕೆಯ ಪರದೆಯ ಹಿಂದೆ ಕೂರುತ್ತೇನೆ. ಬಳಸುವವರು ಯಾವ ಗುಂಡಿ ಮುಟ್ಟುತ್ತಾರೋ ಸಂದಿಯಿಂದ ನೋಡಿ ಅದರ ಅಕ್ಷರ ನಾನು ಒತ್ತುತ್ತೇನೆ. ನೋಡುವವರಿಗೆ ಪೆಟ್ಟಿಗೆಯೇ ಕೆಲಸ ಮಾಡಿದಂತಿರುತ್ತದೆ. ಮಾದರಿ ಮಾಡುವವರು ಒಳಗಿನ ಕೆಲಸಕ್ಕೆ ಹೀಗೆ ಮನುಷ್ಯರನ್ನು ಕೂರಿಸುವುದು ಹೊಸದೇನಲ್ಲ ಎಂದೂ ಹೇಳಿದೆ.

ಹುಡುಗಿ ಯೋಚಿಸಿದಳು. "ಕೂರ್ಸೋದು ಸರಿ ಮೇಡಂ. ಬಚ್ಚಿಡೋದ್ಯಾಕೆ? ಕಂಟ್ರೋಲರ್ ಸಾರ್ ಪೆಟ್ಗೆ ಓಡ್ತೈತೆ ಅಂತ ನಂಬ್ಕೊಂಡು ತಕೊಂಡೋಗಿ, ಅಲ್ಲಿ ಓಡ್ದಿದ್ರೆ?"

ಪ್ರಾಂಶುಪಾಲರ ಷರತ್ತು ನನ್ನ ತಲೆಯಲ್ಲಿತ್ತು, ಅವಳ ತಲೆಯಲ್ಲಿ ಮಾಗಡಿ ನಿಲ್ದಾಣವಿತ್ತು. ಅವಳು ಹೇಳಿದಂತೆಯೇ ಮಾಡಿದೆವು. ವೇದಿಕೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದು ಕುರ್ಚಿ ಹಾಕಿ, ಮೊಣಕಾಲ ಮೇಲೆ ಕೀಬೋರ್ಡು ಇಟ್ಟುಕೊಂಡು ಕೂತೆ. ಹುಡುಗಿ ಮೈಕಿನಲ್ಲಿ ನಡೆದದ್ದನ್ನೆಲ್ಲ ಹೇಳಿ, "ಈವತ್ತಿಗೆ ಪೆಟ್ಟಿಗೆಯ ಒಳಗಿನ ಯಂತ್ರ ನಮ್ಮ ಮೇಡಂ" ಎಂದಳು. ಸಭೆ ಗೊಳ್ಳೆಂದಿತು. ಪ್ರಾಂಶುಪಾಲರು ನಗಲಿಲ್ಲ. ಬೆಂಗಳೂರಿನಿಂದ ತೀರ್ಪುಗಾರ್ತಿಯಾಗಿ ಬಂದಿದ್ದ ವಿನ್ಯಾಸಕಿ ಮಾತ್ರ ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡರು.

ಕುದೂರು ಕಡೆಯ ಆ ಹಿರಿಯರು ಪೆಟ್ಟಿಗೆಯ ಮುಂದೆ ನಿಂತರು. ರಾಮನಗರದಿಂದ ಮಾಗಡಿಗೆ ಹೋಗಬೇಕು, ಯಾವ ಗುಂಡಿ ಎಂದು ಹುಡುಗಿ ಕೇಳಿದಳು. ಅವರು ತಡವರಿಸದೆ ಮಾಗಡಿಯ ಕೋಟೆಯ ಆಕಾರದ ಹಸಿರು ಗುಂಡಿಯನ್ನು ಮುಟ್ಟಿದರು. ನಾನು ಅಕ್ಷರ ಒತ್ತಿದೆ. ದೊಡ್ಡ ಪರದೆಯ ಮೇಲೆ ಮಾಗಡಿ ಬಸ್ಸುಗಳ ವೇಳೆಯೆಲ್ಲ ಅಂದವಾಗಿ ಮೂಡಿತು. ಹುಡುಗಿ ಅದನ್ನು ಓದಿ ಹೇಳಿದಳು. ಚಪ್ಪಾಳೆ ಬಿತ್ತು.

ಅವರು ಪರದೆ ನೋಡಿದರು, ಪೆಟ್ಟಿಗೆ ನೋಡಿದರು, ನನ್ನನ್ನು ನೋಡಿದರು.

"ಅದ್ಸರಿ. ಬಸ್ಸು ಹೋಯ್ತಾ?"

"ಟೈಮ್ ತೋರ್ಸೈತಲ್ಲ ಅಜ್ಜಾ, ನೋಡಿ" ಎಂದ ಚನ್ನಪಟ್ಟಣದ ಹುಡುಗ.

"ಟೈಮ್ ಇಟ್ಕೊಂಡು ನಾನೇನ್ ಮಾಡ್ಲಪ್ಪ? ಹೋಯ್ತೋ ಇಲ್ವೋ, ಅದ್ನ ಯೋಳು."

ಮತ್ತೆ ಹಸಿರು ಗುಂಡಿ ಮುಟ್ಟಿದರು. ಮತ್ತೆ ಒತ್ತಿದೆ. ಮತ್ತೆ ಅದೇ ವೇಳೆಗಳು.

"ನೋಡವ್ವ ಮಿಷಿನ್ನು," ಎಂದರು ನನ್ನ ಕಡೆ ತಿರುಗಿ, "ಬೆಳಿಗ್ಗೆ ಒಸಿ ಚೆನ್ನಾಗೇ ಮಾತಾಡ್ತಿದ್ದಲ್ಲ. ಈಗ್ಯಾಕೆ ಕೇಳಿದ್ದೊಂದು, ಯೋಳೋದೊಂದು?"

ಸಭೆಯಲ್ಲಿ ನಗು ಅಲೆಯಂತೆ ಹಿಂದಿನ ಸಾಲಿನವರೆಗೂ ಹೋಯಿತು. ಅಷ್ಟರಲ್ಲಿ ಕರೆಂಟು ಹೋಯಿತು.

ದೊಡ್ಡ ಪರದೆ ಕಪ್ಪಾಯಿತು, ಮೈಕು ಸತ್ತಿತು, ಯುಪಿಎಸ್ ಪೀಪೀ ಎನ್ನತೊಡಗಿತು. ಪ್ರಾಂಶುಪಾಲರು ವೇದಿಕೆಯ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದರು: "ಸಾಕು ಮೇಡಂ. ಕರೆಂಟ್ ಬಂದ ಮೇಲೆ ಬೇರೆ ತಂಡ ಬರ್ಲಿ. ಇವರದ್ದು ನಿಂತ ಹಾಗೇ."

ನಿಂತ ಹಾಗೇ. ಆ ಎರಡು ಪದ ಈಗಲೂ ಹಾಗೆಯೇ ನೆನಪಿವೆ. ಇದರಲ್ಲಿ ನೆನಪನ್ನು ನಂಬುತ್ತೇನೆ. ಆದರೆ ಅದೇ ಕ್ಷಣದಲ್ಲಿ ಹುಡುಗಿಯ ಮುಖ ಕಂಡೆ. ಅವಳಿಗೆ ಕರೆಂಟು ಹೋದದ್ದರ ಪರಿವೆಯೇ ಇದ್ದಂತಿರಲಿಲ್ಲ. ಆ ಹಿರಿಯರನ್ನೇ ನೋಡುತ್ತಿದ್ದಳು.

"ಮೇಡಂ, ನಾವೂ ಅದೇ ಕೇಳೋದು" ಎಂದಳು. "ನಾನು ದಿನಾ ಮಾಗಡಿ ಬಸ್‌ಸ್ಟ್ಯಾಂಡಿಗೆ ಬಂದ ತಕ್ಷಣ ಯಾರ್ನಾದ್ರೂ ಕೇಳೋದು ‘ಕುದೂರು ಬಸ್ಸು ಹೋಯ್ತಾ’ ಅಂತ್ಲೇ. ಎಷ್ಟೊತ್ತಿಗೆ ಅಂತ ಒಂದಿನಾನೂ ಕೇಳಿಲ್ಲ. ಪೆಟ್ಗೆ ಮಾಡೋವಾಗ ಮಾತ್ರ ಟೈಮ್ ಹಾಕ್ಬುಟ್ಟೆ."

ಅವಳು ಹೇಳಿದ ಮೇಲೆ ನನಗೂ ಹೊಳೆಯಿತು. ರಸ್ತೆಗಳನ್ನೆಲ್ಲ ಅಗಲ ಮಾಡಲು ಅಗೆದು ಹಾಕಿದ್ದರು, ಕಾರ್ಖಾನೆಯ ವ್ಯಾನುಗಳೂ ಜಲ್ಲಿ ಲಾರಿಗಳೂ ದಾರಿ ತುಂಬಿದ್ದವು. ನಿಲ್ದಾಣದ ಗೋಡೆಯ ಮೇಲಿನ ವೇಳಾಪಟ್ಟಿಗೆ ಅರ್ಥವೇ ಉಳಿದಿರಲಿಲ್ಲ. ಹೋಗಿಲ್ಲ ಎಂದರೆ ಕಾಯುವುದು, ಹೋಯಿತು ಎಂದರೆ ಟೀ ಕುಡಿಯುವುದು. ಜನಕ್ಕೆ ಬೇಕಿದ್ದದ್ದು ಅಷ್ಟೇ. ನಾನೂ ಆ ಪ್ರಶ್ನೆಯನ್ನು ಎಷ್ಟು ಸಲ ಕೇಳಿದ್ದೇನೋ. ಆದರೆ ಅವರ ಮಾದರಿಯನ್ನು ಪರೀಕ್ಷಿಸುವಾಗ ಗಮನಿಸಿದ್ದು ಅಕ್ಷರದ ಗಾತ್ರ, ಬಣ್ಣ, ಗುಂಡಿಗಳ ನಡುವಿನ ಅಂತರ.

ಕೀಬೋರ್ಡನ್ನು ಕೆಳಗಿಟ್ಟೆ. "ಸರ್, ನಿಂತಿಲ್ಲ. ನಡೀತಾ ಇದೆ" ಎಂದೆ ಪ್ರಾಂಶುಪಾಲರಿಗೆ. ದನಿ ಸ್ವಲ್ಪ ಜೋರಾಗಿಯೇ ಬಂದಿರಬೇಕು. ಮೈಕಿಲ್ಲದಿದ್ದರೂ ಹಿಂದಿನ ಸಾಲಿಗೆ ಕೇಳಿಸಿತಂತೆ. ಮೂಲೆಯಲ್ಲಿ ಪ್ರೊಜೆಕ್ಟರ್ ಬಂದಿದ್ದ ರಟ್ಟಿನ ಡಬ್ಬವಿತ್ತು. ಅದರ ಮುಚ್ಚಳ ಹರಿದು ಹುಡುಗಿಯ ಕೈಗೆ ಕೊಟ್ಟೆ. ಅವಳು ಮಾರ್ಕರಿನಲ್ಲಿ ಒಂದು ಬದಿಗೆ ನಿಂತ ಬಸ್ಸು, ಇನ್ನೊಂದು ಬದಿಗೆ ಹೊಗೆ ಬಿಟ್ಟುಕೊಂಡು ಹೋಗುತ್ತಿರುವ ಬಸ್ಸು ಬರೆದಳು. ಪರದೆ ಈಗ ಅದೇ.

"ಯಾವ ಕಡೆ ತೋರಿಸ್ಲಿ?" ಎಂದೆ. ಯಂತ್ರಕ್ಕೇ ಉತ್ತರ ಗೊತ್ತಿರಲಿಲ್ಲ.

ಮುಂದಿನ ಸಾಲಿನಲ್ಲಿ ಖಾಕಿ ಶರ್ಟಿನ ಕಂಟ್ರೋಲರು ಅಷ್ಟು ಹೊತ್ತೂ ಕೈಕಟ್ಟಿ ಕೂತಿದ್ದರು. ಹುಡುಗಿ ಅವರ ಮುಂದೆ ಹೋಗಿ ನಿಂತಳು. "ಸಾರ್, ಬಸ್ಸು ಹೋಗೈತೋ ಇಲ್ವೋ ನಿಮ್ಗೆ ಎಂಗೆ ಗೊತ್ತಾಯ್ತದೆ?"

"ನಾವ್ ತಾನೇ ಕಳ್ಸೋದಮ್ಮ! ಬೇರೆ ಸ್ಟ್ಯಾಂಡಿಂದಾದ್ರೆ ಒಂದು ಫೋನ್ ಹಾಕ್ತೀವಿ."

"ಹಾಕಿ ಸಾರ್."

ಅವರು ಸುತ್ತ ನೋಡಿದರು. ಇಡೀ ಸಭೆ ತಮ್ಮನ್ನೇ ನೋಡುತ್ತಿರುವುದು ಕಂಡು ಮೊಬೈಲ್ ತೆಗೆದು ರಾಮನಗರ ನಿಲ್ದಾಣಕ್ಕೆ ಫೋನ್ ಹಾಕಿದರು. "ಏನಪ್ಪಾ, ನಮ್ ಮಾಗಡಿ ಗಾಡಿ ಹೋಯ್ತಾ?... ಪಂಚರ್ರಾ?... ಟೈರ್ ಹಾಕ್ತಾವ್ರಾ? ಸರಿ, ಬುಟ್ಟಾಗ ಒಂದ್ ಮಾತು ಯೋಳು." ಫೋನ್ ಇಟ್ಟು, ನಿಲ್ದಾಣದಲ್ಲಿ ಹೇಳುವ ಗತ್ತಿನಲ್ಲೇ ಸಾರಿದರು, "ಹೋಗಿಲ್ಲ!"

ನಾನು ನಿಂತ ಬಸ್ಸಿನ ಬದಿಯನ್ನು ಎತ್ತಿ ಹಿಡಿದೆ.

ಹಿರಿಯರ ಮುಖ ಅರಳಿತು. "ಆಂ! ಇದು ಮಿಷಿನ್ನು!" ಎಂದವರೇ ಹೆಗಲ ಚೀಲವನ್ನು ಇಳಿಸಿ ವೇದಿಕೆಯ ಅಂಚಿನಲ್ಲಿ ಕೂತರು.

ಆಮೇಲೆ ನಡೆದದ್ದನ್ನು ನೆನಪು ಬಹಳ ವೇಗವಾಗಿ ಓಡಿಸುತ್ತದೆ. ತೀರ್ಪುಗಾರ್ತಿ ಎದ್ದು ವೇದಿಕೆಗೆ ಬಂದರು. ಕೇಳುವವರಿಗೊಂದು ಪೆಟ್ಟಿಗೆ ಇದ್ದರೆ, ಹೇಳುವವರಿಗೂ ಒಂದು ಬೇಕಲ್ಲವೇ ಎಂದರು. ಚನ್ನಪಟ್ಟಣದ ಹುಡುಗ ಡಬ್ಬದ ಇನ್ನೊಂದು ಮಗ್ಗುಲು ಹರಿದು ಕಂಟ್ರೋಲರಿಗಾಗಿ ಎರಡೇ ಗುಂಡಿಗಳ ಹಲಗೆ ಬರೆದ: ನಿಂತಿದೆ, ಹೊರಟಿದೆ. ಕಂಟ್ರೋಲರು ಅದನ್ನು ತಿದ್ದಿದರು. "ಬಸ್ಸೇ ಬರ್ದಿದ್ರೆ? ಕೆಟ್ಟು ನಿಂತ್ರೆ? ಅದುಕ್ಕೂ ಒಂದು ಬೇಕು, ಇಲ್ದಿದ್ರೆ ಜನ ಬಂದು ನನ್ ತಲೆ ತಿಂತಾರೆ." ಮೂರನೆಯ ಗುಂಡಿ ಬಂತು. ಸಭೆಯಿಂದ ಒಬ್ಬೊಬ್ಬರೇ ಎದ್ದು ಬಂದು ಗುಂಡಿ ಮುಟ್ಟಿದರು, ಕಂಟ್ರೋಲರು ರಟ್ಟಿನ ಮೇಲೆ ಬೆರಳಿಟ್ಟರು, ನಾನು ಚಿತ್ರ ತಿರುಗಿಸಿದೆ. ಕನಕಪುರದ ವಿದ್ಯಾರ್ಥಿಗಳು ಸುಳ್ಳೇ ಕನಕಪುರದ ಬಸ್ಸು ಕೇಳಿ, "ಕೆಟ್ಟು ನಿಂತೈತೆ" ಎಂಬ ಉತ್ತರ ಪಡೆದು ಕೂಗಾಡಿದರು. ಯುಪಿಎಸ್ ಯಾವಾಗ ಸದ್ದು ನಿಲ್ಲಿಸಿತೋ ನಾನು ಗಮನಿಸಲಿಲ್ಲ.

ಕಂಟ್ರೋಲರ ಫೋನು ಮೊಳಗಿತು. ಅವರು ಕೇಳಿಸಿಕೊಂಡು, ಗಂಭೀರವಾಗಿ ಎದ್ದು ಬಂದು ‘ಹೊರಟಿದೆ’ ಎಂಬುದರ ಮೇಲೆ ಬೆರಳಿಟ್ಟರು. ನಾನು ಹೊಗೆ ಬಿಡುವ ಬಸ್ಸನ್ನು ಎತ್ತಿದೆ.

"ಅಯ್ಯೋ, ಬುಡ್ತು!" ಎಂದು ಹಿರಿಯರು ಚೀಲ ಹೆಗಲಿಗೆಸೆದುಕೊಂಡು ನಡುವಿನ ದಾರಿಯಲ್ಲಿ ಓಡಿದರು. ಮಾಗಡಿ ಬಸ್ಸು ನಮ್ಮ ಕಾಲೇಜಿನ ಗೇಟಿನ ಮುಂದೆಯೇ ಹಾದುಹೋಗುತ್ತಿತ್ತು. ಸಭೆಯೆಲ್ಲ ಕಿಟಕಿಗಳಿಗೆ ಮುತ್ತಿತು. ಅವರು ಗೇಟು ದಾಟಿ ರಸ್ತೆಗೆ ಬಂದು ಉಸಿರು ತೆಗೆದುಕೊಳ್ಳುವಷ್ಟರಲ್ಲಿ ತಿರುವಿನಲ್ಲಿ ಕೆಂಪು ಬಸ್ಸು ಕಾಣಿಸಿತು. ಚೀಲವನ್ನು ಬಾವುಟದಂತೆ ಬೀಸಿದರು. ಬಸ್ಸು ನಿಂತಿತು.

ಸಭಾಂಗಣದಲ್ಲಿ ಎದ್ದ ಆ ಕೂಗನ್ನು ಹೇಗೆ ಬರೆಯುವುದೋ ತಿಳಿಯದು. ನಮ್ಮ ರಟ್ಟಿನ ಯಂತ್ರ ಕೊಟ್ಟ ಉತ್ತರವನ್ನು ಒಂದು ನಿಜವಾದ ಬಸ್ಸು ಬಂದು ಸಾಬೀತು ಮಾಡಿ ಹೋಗಿತ್ತು. ಫುಟ್‌ಬೋರ್ಡಿನ ಮೇಲೆ ನಿಂತು ಅವರು ಕಿಟಕಿಗಳ ಕಡೆ ಕೈ ಬೀಸಿ ಏನೋ ಕೂಗಿದರು. "ಓಳಿಗೆ ಮಡಗಿರಿ" ಎಂದರು ಎಂದು ಹುಡುಗ ಹೇಳುತ್ತಾನೆ. ನನಗೆ ಕೇಳಿಸಿದ್ದು ಹಾರ್ನ್ ಮಾತ್ರ.

ಕಂಟ್ರೋಲರು ಅಲ್ಲೇ, ಕಿಟಕಿಯ ಬಳಿಯೇ, ಹುಡುಗಿಗೆ ಹೇಳಿದರು: "ಒಣ ಮರದಾಗೆ ಗುಂಡಿ ಮಾಡ್ಸಿ ತಕೊಂಡ್ ಬಾರಮ್ಮ. ನನ್ ರೂಮಿನ ಪಕ್ಕ ಜಾಗ ಐತೆ." ತೀರ್ಪುಗಾರ್ತಿ ಆ ತಂಡವನ್ನೇ ಮೊದಲನೆಯದೆಂದು ಆರಿಸಿದ್ದು ಸಂಜೆ. ಅಷ್ಟರಲ್ಲಿ ಹುಡುಗಿಗೆ ಅದು ಎರಡನೆಯ ಸುದ್ದಿಯಾಗಿಬಿಟ್ಟಿತ್ತು. ಪ್ರಾಂಶುಪಾಲರು ಸಮಾರೋಪದ ಭಾಷಣದಲ್ಲಿ, ಮುಂದಿನ ವರ್ಷವೂ ಬಳಕೆದಾರರನ್ನು ಗೂಡಿನ ಮಾರುಕಟ್ಟೆಯಿಂದಲೇ ಕರೆತರಲಾಗುವುದು ಎಂದು ಘೋಷಿಸಿದರು. ಇಳಿದು ಬರುವಾಗ ನನ್ನ ಬಳಿ ಒಂದು ಕ್ಷಣ ನಿಂತು, "ಜನರೇಟರ್ ಒಂದು ನೋಡೋಣ ಮೇಡಂ" ಎಂದರು. ಅವರಿಂದ ಅಷ್ಟು ಬಂದದ್ದು ಬಹಳವಾಯಿತು.

ಇದನ್ನು ಬರೆಯುವ ಮುಂಚೆ ಆ ಇಬ್ಬರನ್ನೂ ಕೇಳಿದೆ, ಮಳೆ ಬಂದಿತ್ತೇ ಎಂದು. ಮಳೆಯಲ್ಲ, ಬಸ್ಸಿನ ಮೇಲೆ ಯಾರದೋ ಮೀನಿನ ಬುಟ್ಟಿಯಿಂದ ನೀರು ಸೋರಿತ್ತು ಎಂದಳು ಹುಡುಗಿ. ಜೋರು ಮಳೆ ಎಂದ ಹುಡುಗ. ಬಿಟ್ಟುಬಿಟ್ಟೆ.

ಪೆಟ್ಟಿಗೆ ಮಾಗಡಿಯಲ್ಲಿ ಕೂತ ಕೆಲವು ತಿಂಗಳ ಮೇಲೆ ಕೆಲಸವಿದ್ದು ಆ ಊರಿಗೆ ಹೋಗಿದ್ದೆ. ಹಿಂದಿರುಗುವಾಗ ನಿಲ್ದಾಣಕ್ಕೆ ಓಡೋಡಿ ಬಂದು, ಕಡಲೆಕಾಯಿ ಮಾರುತ್ತಿದ್ದ ಹೆಂಗಸನ್ನು ಏದುಸಿರಿನಲ್ಲೇ ಕೇಳಿದೆ, "ರಾಮನಗರದ ಬಸ್ಸು ಹೋಯ್ತಾ?"

ಅವಳು ಕಾಯಿ ಅಳೆಯುವುದನ್ನು ನಿಲ್ಲಿಸದೆ ಗಲ್ಲದಿಂದಲೇ ನನ್ನ ಬೆನ್ನ ಹಿಂದಕ್ಕೆ ತೋರಿಸಿದಳು.

"ಅಲ್ಲೈತಲ್ಲ ಪೆಟ್ಗೆ, ಅದ್ನ ಕೇಳವ್ವ. ನನ್ ಯಾಕ್ ಕೇಳೀಯೆ?"